ಲೆಕ್ಕದ ಮಾಸ್ತರ ಅಂಚೆ: ಅರ್ಧ ರೊಟ್ಟಿ ಎಲ್ಲಿ ಹೋಯ್ತು?

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಸಂಜೆ ಓಣಿಯ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಭಿನ್ನರಾಶಿ ಇರುವ ಸಮೀಕರಣ ಬಂದರೆ ಸಾಕು, ತಪ್ಪುತ್ತಾನೆ. ನಾನು ಬಿಡಿಸಿ ತೋರಿಸಿದರೆ ‘ತಿಳೀತ್ರಿ ಅಕ್ಕಾ’ ಅನ್ನುತ್ತಾನೆ. ಮರುದಿನ ಮತ್ತೆ ಅದೇ ತಪ್ಪು. ಮೂರು ತಿಂಗಳಾಯ್ತು. ಫೀ ಕೇಳಲು ನಾಚಿಕೆ ಆಗುತ್ತಿದೆ.
– ಓದುಗಿ, ರಾಣೆಬೆನ್ನೂರು

ಉತ್ತರ: ಫೀ ತಗೋ ತಂಗಿ. ಆದರೆ ಒಂದು ವಾರ ಸಮೀಕರಣ ಮುಚ್ಚಿಡು. ನಾಳೆ ಅವನು ಬಂದ ಕೂಡಲೇ 1/2 + 1/3 ಎಷ್ಟು ಅಂತ ಕೇಳು. 2/5 ಅಂದರೆ ರೋಗ ಸಿಕ್ಕಿತು ಅಂತ ತಿಳಿ. ಅದು ಒಂಬತ್ತನೇ ಕ್ಲಾಸಿನದಲ್ಲ, ಐದನೆಯದರಿಂದ ಬಂದದ್ದು.

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆ. ಪಡಸಾಲೆಯಲ್ಲೇ ಟ್ಯೂಷನ್. ಒಬ್ಬ ಹುಡುಗ ನನಗೂ 2/5 ಅಂದ. ನಾನು ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡೂ ಛೇದಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಅಂತ ಶುರು ಮಾಡುವಷ್ಟರಲ್ಲಿ ಒಳಗಿಂದ ನಮ್ಮ ಮನೆಯವರು, ‘ಅರ್ಧ ರೊಟ್ಟಿ ತಾಟಿನಾಗ ಐತಿ. ಮ್ಯಾಲ ಇನ್ನೊಂದು ತುಂಡು ಹಾಕಿದೆ. ಈಗ ಅರ್ಧಕ್ಕಿಂತ ಕಡಿಮಿ ಹ್ಯಾಂಗಾತೋ?’ ಅಂದರು. ಹುಡುಗ ಬಾಯಿ ತೆರೆದು ಕೂತ. 2/5 ಅರ್ಧಕ್ಕಿಂತ ಕಡಿಮೆ, ಅಲ್ವಾ! ಮೂವತ್ತು ವರ್ಷ ಪಾಠ ಮಾಡಿದವನಿಗೆ ಅದು ಹೊಳೆದಿರಲಿಲ್ಲ.

ಆದರೆ ಅವನಿಗೂ ಒಂದು ಲೆಕ್ಕ ಇತ್ತು. ‘ಸರ್, ಟೆಸ್ಟಿನ್ಯಾಗ ಹಿಂಗ ಕೂಡಸ್ತಾರಲ್ರಿ’ ಅಂದ. ಸರಿಯೇ. ಒಂದು ಟೆಸ್ಟಿನಲ್ಲಿ 2ಕ್ಕೆ 1, ಇನ್ನೊಂದರಲ್ಲಿ 3ಕ್ಕೆ 1. ಎರಡೂ ಸೇರಿ 5ಕ್ಕೆ 2. ಅಲ್ಲಿ ಎರಡು ಬೇರೆ ಪೇಪರ್. ಇಲ್ಲಿ ಒಂದೇ ಅಳತೆಯ ರೊಟ್ಟಿ. ಈ ಫರಕು ತಿಳಿಯದೆ ‘ಛೇದ ಸಮ ಮಾಡು’ ಅಂದರೆ ಅವನಿಗೆ ಅದು ಮಂತ್ರ. ರೊಟ್ಟಿಯನ್ನು ಆರು ಸಮ ತುಂಡು ಮಾಡಿಸು. ಅರ್ಧಕ್ಕೆ 3 ತುಂಡು, ಮೂರನೇ ಒಂದಕ್ಕೆ 2 ತುಂಡು. 5/6 ಅವನ ಬಾಯಿಂದಲೇ ಬರುತ್ತದೆ. ಆ ಆರೇ ಲ.ಸಾ.ಅ. (ಭಿನ್ನರಾಶಿಗೆ ಲ.ಸಾ.ಅ. ಹಿಡಿಯುವ ದಾರಿಯನ್ನು ಒಂಬತ್ತನೇ ಶತಮಾನದಲ್ಲೇ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ಬರೆದಿಟ್ಟಿದ್ದಾನೆ. ಅವನು ಅದನ್ನು ‘ನಿರುದ್ಧ’ ಅಂದ.)

ಸಂತೆಯಲ್ಲಿ ‘ದೀಡ್ ಕಿಲೋ ಉಳ್ಳಾಗಡ್ಡಿ’ ಅನ್ನುವ ಹುಡುಗರು ಹಾಳೆ ಮೇಲೆ 3/2 ಕಂಡರೆ ಬೆದರುತ್ತಾರೆ. ದೀಡ್ ಅಂದರೆ ಒಂದೂವರೆ, 3/2 ಅಂದರೂ ಅದೇ ಅಂತ ಯಾರೂ ಹೇಳಿರುವುದಿಲ್ಲ. ಹೇಳು.

ಇನ್ನೊಂದು. ‘ತಿಳೀತಾ?’ ಅಂತ ಕೇಳಬೇಡ. ಯಾವ ಹುಡುಗ ಇಲ್ಲ ಅಂತಾನೆ? ಪೆನ್ಸಿಲ್ ಅವನ ಕೈಯಲ್ಲೇ ಇರಲಿ. ಬರೆಯುತ್ತಾ ಬಾಯಿ ಬಿಟ್ಟು ಹೇಳಲಿ. ಮೊದಮೊದಲು ನಾನು ತಡೆಯಲಾಗದೆ ಪೆನ್ಸಿಲ್ ಕಸಿದು ಬರೆದು ತೋರಿಸುತ್ತಿದ್ದೆ. ಅವರ ನೋಟಬುಕ್ಕಿನ ತುಂಬ ನನ್ನ ಅಕ್ಷರ, ಪೇಪರಿನಲ್ಲಿ ಸೊನ್ನೆ. 3x = 12 ಕೊಟ್ಟರೆ x = 9 ಅಂತ ಬರೆದವನನ್ನು ಸುಮ್ನೆ ಬೈದಿದ್ದೆ. ಬಾಯಿಬಿಡಿಸಿದ ಮೇಲೆ ಗೊತ್ತಾಯ್ತು. ‘ಆ ಕಡಿ ಹೋದ್ರ ಮೈನಸ್ ಆಗ್ತದ್ರಿ’ ಅಂತ ಅವನು 12ರಿಂದ 3 ಕಳೆದಿದ್ದ. ‘ಮೂರು ಪೆನ್ನಿಗೆ ಹನ್ನೆರಡು ರೂಪಾಯಿ, ಒಂದಕ್ಕೆಷ್ಟು?’ ಅಂದೆ. ಥಟ್ಟನೆ ‘ನಾಕು’ ಅಂದ.

ಪ್ರಶ್ನೆ: ಫೋನಿನಲ್ಲಿ ಕ್ಯಾಲ್ಕುಲೇಟರ್ ಇರುವಾಗ ಮಗಳಿಗೆ ಮಗ್ಗಿ ಯಾಕೆ ಬಾಯಿಪಾಠ ಮಾಡಿಸಬೇಕು?
– ತಂದೆ, ಗದಗ

ಉತ್ತರ: ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಾಲ್‌ಗೆ ಫೋನ್ ಬಿಡುವುದಿಲ್ಲ, ಅದು ಬಿಡಿ. 56 ನೋಡಿದೊಡನೆ ಏಳೆಂಟ್ಲೆ ನೆನಪಾಗದಿದ್ದರೆ ಅಪವರ್ತನ ಮಾಡುವಾಗ ತಡಕಾಡಬೇಕಾಗುತ್ತದೆ. ಹತ್ತರವರೆಗೆ ಗಟ್ಟಿ ಮಾಡಿಸಿ. ಮುಂದಿನದಕ್ಕೆ ಹೊಡೆತ ಬೇಡ. ಹದಿನಾರರ ಮಗ್ಗಿ ಅಂದರೆ ಎಂಟರ ಮಗ್ಗಿಯ ಎರಡರಷ್ಟು. ಮಗಳಿಗೆ ಇದನ್ನು ಹೇಳಿಬಿಡಬೇಡಿ, ಎರಡನ್ನೂ ಪಕ್ಕಪಕ್ಕ ಬರೆಸಿ. ಅವಳೇ ಕಂಡುಹಿಡಿಯಲಿ.