ಓದುಗರ ಪತ್ರಕ್ಕೆ ಉತ್ತರ: ಗ್ಯಾರೇಜಿನ ಗೋಡೆಯ ಮೇಲಿನ ಸವಾರ

(ರಾಜಾಜಿನಗರದ ನಿವೃತ್ತ ಮೇಷ್ಟ್ರೊಬ್ಬರು ಬರೆದ ಪತ್ರದ ಸಾರ: "ಏಪ್ರಿಲ್ ಸಂಚಿಕೆಯಲ್ಲಿ ಐವನ್ ಮೌಗರ್ ಅನ್ನುವ ಸ್ಪೀಡ್‌ವೇ ಬೈಕ್ ಸವಾರನ ನೆನಪಿಗೆ ಎರಡು ಪುಟ ಕೊಟ್ಟಿದ್ದೀರಿ. ನ್ಯೂಜಿಲೆಂಡಿನವನು, 2018ರಲ್ಲೇ ತೀರಿಕೊಂಡವನು. ನಮ್ಮೂರಿಗೂ ಅವನಿಗೂ ಏನು ನಂಟು? ಅದರ ಮೇಲೆ 'ಬ್ರೇಕ್ ಇಲ್ಲದ ಬದುಕು' ಅಂತ ತಲೆಬರಹ ಬೇರೆ. ನನ್ನ ತಂಗಿಯ ಮಗ ರಿಂಗ್ ರೋಡಿನಲ್ಲಿ ವೀಲಿಂಗ್ ಮಾಡಲು ಹೋಗಿ ಕಾಲು ಮುರಿದುಕೊಂಡಿದ್ದಾನೆ. ಮಂಚದಲ್ಲಿ ಮಲಗಿಕೊಂಡೇ ನಿಮ್ಮ ಲೇಖನ ಓದಿ, ಆ ಪುಟ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದಾನೆ. ಸತ್ತವರನ್ನು ನೆನೆಯಬೇಡಿ ಅನ್ನಲ್ಲ. ಆದರೆ ಯಾರನ್ನು, ಯಾತಕ್ಕೆ ಅಂತ ಸ್ವಲ್ಪ ಯೋಚಿಸಬಾರದೇ?")

ಮೇಷ್ಟ್ರೇ,

ಮೊದಲು ಹುಡುಗನ ಕಾಲು ಹೇಗಿದೆ ಹೇಳಿ. ರಾಡ್ ಹಾಕಿದ್ದಾರೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದನ್ನು ಓದಿದ ಮೇಲೆ ನಿಮ್ಮ ಜೊತೆ ವಾದ ಮಾಡುವ ಮನಸ್ಸೇ ಬರಲಿಲ್ಲ. ಹತ್ತು ದಿನ ಸುಮ್ನೆ ಇದ್ದುಬಿಟ್ಟೆ.

ತಲೆಬರಹದ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ. ಅದನ್ನು ಇಟ್ಟವನು ನಾನು. ಲೇಖಕರು ಬೇರೆ ಹೆಸರು ಕೊಟ್ಟಿದ್ದರು. ಕಣ್ಣಿಗೆ ಹೊಡೆಯುವಂತಿರಲಿ ಎಂದು ನಾನೇ ಬದಲಾಯಿಸಿದೆ. ಕಾಲಿಗೆ ಕಟ್ಟು ಹಾಕಿಸಿಕೊಂಡ ಹುಡುಗನೊಬ್ಬ ಅದನ್ನು ಓದಿದರೆ ಏನು ಅಂದುಕೊಳ್ಳುತ್ತಾನೆ ಎಂಬ ಯೋಚನೆ ಬರಲೇ ಇಲ್ಲ. ಕ್ಷಮಿಸಿ. ಆದರೆ ಆ ಎರಡು ಪುಟ ಕೊಟ್ಟಿದ್ದೇ ತಪ್ಪು ಅನ್ನುವುದನ್ನು ಮಾತ್ರ ಒಪ್ಪಲಾರೆ. ಯಾಕೆಂದು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಹೆಸರಿನಿಂದಲೇ ಶುರು ಮಾಡೋಣ. ಬರೆದದ್ದನ್ನು ನೋಡಿದರೆ ಮೌಗರ್ ಎಂದು ಓದುವ ಹಾಗಿರುತ್ತದೆ. ಆದರೆ ಕರೆಯುವುದು ಮೇಜರ್ ಎಂದು. ಐವನ್ ಮೇಜರ್. ನಮ್ಮ ಲೇಖನದಲ್ಲೂ ಅದು ತಪ್ಪಾಗಿ ಅಚ್ಚಾಗಿತ್ತು.

ಇನ್ನು ಬ್ರೇಕಿನ ಮಾತು. ಸ್ಪೀಡ್‌ವೇ ಗಾಡಿಗೆ ನಿಜವಾಗಲೂ ಬ್ರೇಕ್ ಇಲ್ಲ. ಇರುವುದು ಒಂದೇ ಗೇರು. 500 ಸಿಸಿ ಎಂಜಿನ್, ಪೆಟ್ರೋಲ್ ಬದಲು ಮೆಥನಾಲ್. ಮೊಟ್ಟೆ ಆಕಾರದ ಮಣ್ಣಿನ ಟ್ರ್ಯಾಕ್. ನಾಲ್ಕು ಜನ, ನಾಲ್ಕು ಸುತ್ತು, ಹೆಚ್ಚುಕಮ್ಮಿ ಒಂದು ನಿಮಿಷದಲ್ಲಿ ಆಟ ಮುಗಿಯುತ್ತದೆ. ತಿರುವು ಯಾವಾಗಲೂ ಎಡಕ್ಕೇ. ತಿರುವಿನಲ್ಲಿ ಹಿಂದಿನ ಚಕ್ರ ಹೊರಗೆ ಜಾರುತ್ತದೆ. ಸವಾರ ಹ್ಯಾಂಡಲ್ಲನ್ನು ಬಲಕ್ಕೆ ಹಿಡಿದುಕೊಂಡೇ ಎಡಕ್ಕೆ ತಿರುಗುತ್ತಾನೆ. ಎಡಗಾಲು ನೆಲಕ್ಕೆ ಉಜ್ಜಿಕೊಂಡು ಹೋಗುತ್ತದೆ. ಅದಕ್ಕೇ ಎಡಗಾಲಿನ ಬೂಟಿಗೆ ಉಕ್ಕಿನ ಅಟ್ಟೆ ಕಟ್ಟಿರುತ್ತಾರೆ.

ಬ್ರೇಕ್ ಯಾಕಿಟ್ಟಿಲ್ಲ ಗೊತ್ತಾ? ಅಷ್ಟು ಹತ್ತಿರ ಹತ್ತಿರ ಓಡುವಾಗ ಮುಂದಿನವನು ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನವನು ಬಂದು ಗುದ್ದುತ್ತಾನೆ. ಬ್ರೇಕ್ ಇದ್ದರೇ ಅಲ್ಲಿ ಅಪಾಯ ಜಾಸ್ತಿ. ಸವಾರನ ಮಣಿಕಟ್ಟಿಗೂ ಗಾಡಿಗೂ ಒಂದು ದಾರ ಕಟ್ಟಿರುತ್ತಾರೆ. ಅವನು ಬಿದ್ದ ಕೂಡಲೇ ದಾರ ಕಿತ್ತು ಬಂದು ಎಂಜಿನ್ ನಿಂತುಹೋಗುತ್ತದೆ. ಎದುರಿನಿಂದ ಯಾರೂ ಬರುವುದಿಲ್ಲ. ನಮ್ಮ ರಿಂಗ್ ರೋಡಿನಲ್ಲಿ ಎದುರಿಗೆ ಬಿಎಂಟಿಸಿ ಬಸ್ಸು ಇರುತ್ತದೆ, ಹಾಲಿನ ವ್ಯಾನು ಇರುತ್ತದೆ, ಮಗುವಿನ ಕೈ ಹಿಡಿದು ರಸ್ತೆ ದಾಟುವ ತಾಯಿ ಇರುತ್ತಾಳೆ. ಅಲ್ಲಿ ಮುಂದಿನ ಚಕ್ರ ಎತ್ತುವುದೂ ಇದೂ ಒಂದೇ ಅಲ್ಲ ಎಂದು ನಾವು ಸ್ಪಷ್ಟವಾಗಿ ಬರೆಯಬೇಕಿತ್ತು. ಬರೆಯಲಿಲ್ಲ. ಹುಡುಗನಿಗೆ ಈ ಭಾಗ ಓದಿ ಹೇಳಿ.

ನಮ್ಮೂರಿಗೂ ಅವರಿಗೂ ಏನು ನಂಟು ಎಂದು ಕೇಳಿದ್ದೀರಿ.

ವಿಲ್ಸನ್ ಗಾರ್ಡನ್ನಿನ ಒಂದು ಅಡ್ಡರಸ್ತೆಯಲ್ಲಿ ಹಳೇ ಗ್ಯಾರೇಜ್ ಇದೆ. ಜಾವಾ, ಯೆಜ್ಡಿ ಬಿಟ್ಟರೆ ಬೇರೆ ಗಾಡಿ ಮುಟ್ಟುವುದಿಲ್ಲ. ನನ್ನ ಚಿಕ್ಕಪ್ಪನ ಜಾವಾ ಇವತ್ತಿಗೂ ಅಲ್ಲಿಗೇ ಹೋಗುತ್ತದೆ. ಅಲ್ಲಿನ ಯಜಮಾನರು ಹುಡುಗರಾಗಿದ್ದಾಗ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ನಿಮಗೆ ನೆನಪಿರಬೇಕಲ್ಲ, 1961ರಿಂದ ಐಡಿಯಲ್ ಜಾವಾ ಅಲ್ಲಿ ಗಾಡಿ ತಯಾರಿಸುತ್ತಿತ್ತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಬಾಗಿಲು ಮುಚ್ಚಿತು. ಕಿಕ್ ಹೊಡೆಯುವ ಕಡ್ಡಿಯನ್ನೇ ಒಳಗೆ ಒತ್ತಿ ತಿರುಗಿಸಿದರೆ ಗೇರ್ ಹಾಕುವ ಕಡ್ಡಿಯಾಗುತ್ತಿತ್ತು, ಆ ಗಾಡಿ. ನೀವೂ ಓಡಿಸಿರುತ್ತೀರಿ ಎಂದು ನನ್ನ ಊಹೆ. ನಿಮ್ಮ ಕಾಲದ ಮೇಷ್ಟ್ರುಗಳಲ್ಲಿ ಜಾವಾ ಇಟ್ಟವರು ಬಹಳ ಜನ.

ಆ ಗ್ಯಾರೇಜಿನ ಗೋಡೆಯ ಮೇಲೆ ಮೂರು ಚಿತ್ರಗಳಿವೆ. ನಡುವೆ ಗಣಪತಿ. ಬಲಕ್ಕೆ ಶಂಕರ್ ನಾಗ್. ಎಡಕ್ಕೆ ಯಾವುದೋ ಹಳೇ ಕ್ಯಾಲೆಂಡರಿನಿಂದ ಹರಿದ ಹಾಳೆ. ಅದರಲ್ಲಿ ಒಬ್ಬ ಸವಾರ ಗಾಡಿಯನ್ನು ಎಡಕ್ಕೆ ವಾಲಿಸಿಕೊಂಡು ಮಣ್ಣು ಎರಚುತ್ತಿದ್ದಾನೆ. ಗ್ರೀಸಿನ ಬೆರಳು ತಾಗಿ ತಾಗಿ ಹಾಳೆಯ ಅಂಚು ಕಪ್ಪಾಗಿದೆ. ಅವರೇ ಐವನ್ ಮೇಜರ್.

2018ರ ಏಪ್ರಿಲ್‌ನಲ್ಲಿ ನಾನು ಚಿಕ್ಕಪ್ಪನ ಗಾಡಿ ತರಲು ಅಲ್ಲಿಗೆ ಹೋಗಿದ್ದೆ. ಮೇಜರ್ ತೀರಿಕೊಂಡು ಒಂದು ವಾರವಾಗಿತ್ತೇನೋ. ಆ ಹಾಳೆಗೆ ಸಣ್ಣ ಕಟ್ಟು ಹಾಕಿಸಿ, ಕನಕಾಂಬರದ ಮೊಳ ಹೂವು ಏರಿಸಿದ್ದರು. ಕೆಳಗೆ ಒಂದು ನಟ್ಟಿನ ತೂತಿಗೆ ಊದುಬತ್ತಿ ಸಿಕ್ಕಿಸಿದ್ದರು. ಯಾರು ಇವರು ಅಂದೆ. "ನಮ್ಮ ಗಾಡಿ ಓಡಿಸ್ತಿದ್ದವರು ಸಾರ್" ಅಂದರು. ಮನೆಯವರೊಬ್ಬರು ಹೋದಾಗ ಹೇಳುತ್ತೇವಲ್ಲ, ಆ ದನಿಯಲ್ಲಿ.

ನಿಜ ಹೇಳಬೇಕೆಂದರೆ ಅದು ಮೈಸೂರಿನ ಗಾಡಿಯಲ್ಲ. ನಮ್ಮಲ್ಲಿ ತಯಾರಾಗುತ್ತಿದ್ದದ್ದು ರಸ್ತೆಯ ಗಾಡಿ, ಟೂ ಸ್ಟ್ರೋಕ್. ಮೇಜರ್ ಓಡಿಸಿದ್ದು ಫೋರ್ ಸ್ಟ್ರೋಕ್ 500 ಸಿಸಿ. ಅದು ತಯಾರಾಗುತ್ತಿದ್ದದ್ದು ಚೆಕ್ ದೇಶದ ದಿವಿಶೋವ್ ಎಂಬ ಊರಿನಲ್ಲಿ. ಅಲ್ಲಿನ ಎಸೊ ಎಂಬ ಬೈಕ್ ಕಂಪನಿಯನ್ನು 1964ರಲ್ಲಿ ಆ ದೇಶದ್ದೇ ಆದ ಮೂಲ ಜಾವಾ ಕಂಪನಿಗೆ ಸೇರಿಸಿದ್ದರು. ಎರಡಕ್ಕೂ ಇದ್ದ ಸಂಬಂಧ ಜಾವಾ ಅನ್ನುವ ಹೆಸರು ಮಾತ್ರ. ಯಜಮಾನರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಆದರೂ "ನಮ್ಮ ಗಾಡಿ" ಎಂದೇ ಅಂದರು. ಆ ಹೆಸರಿನ ಗಾಡಿಗೆ ಕೈಯಾರೆ ಬೋಲ್ಟ್ ಬಿಗಿದವರಿಗೆ ಹಾಗನ್ನುವ ಹಕ್ಕಿದೆ ಎಂದು ನನಗೆ ಆವತ್ತೂ ಅನಿಸಿತು, ಈಗಲೂ ಅನಿಸುತ್ತದೆ.

ಅವರ ಯಾವ ಓಟ ನಿಮಗೆ ಇಷ್ಟ ಎಂದು ಕೇಳಿದೆ. ಒಂದು ಓಟವನ್ನೂ ಅವರು ನೋಡಿರಲಿಲ್ಲ. ಅವರು ಹೇಳಿದ್ದು ಇಷ್ಟು: "ಇವರ ಗಾಡಿ ಫಳಫಳ ಅಂತಿತ್ತಂತೆ ಸಾರ್. ಚೈನಿನ ಮೇಲೆ ಒಂದು ಕಣ ಮಣ್ಣು ಇರ್ತಿರಲಿಲ್ವಂತೆ. ಕಾರ್ಖಾನೆಯಲ್ಲಿ ನಮ್ಮ ಸೂಪರ್‌ವೈಸರ್ ಇದನ್ನೇ ಹೇಳಿ ಬೈತಿದ್ರು."

ಮೇಷ್ಟ್ರೇ, ನಾನು ಹೇಳಬೇಕೆಂದಿರುವುದೂ ಇದೇ. ಆ ಮನುಷ್ಯನನ್ನು ಜನ ಪ್ರೀತಿಸಿದ್ದು ಹುಚ್ಚು ಧೈರ್ಯಕ್ಕಲ್ಲ. ಸಿದ್ಧತೆಗೆ. ಕ್ರೈಸ್ಟ್‌ಚರ್ಚ್‌ನ ಹುಡುಗ. 1957ರಲ್ಲಿ, ಹದಿನೇಳನೇ ವಯಸ್ಸಿಗೆ, ಆಗಷ್ಟೇ ಮದುವೆಯಾದ ಹೆಂಡತಿಯ ಜೊತೆ ಇಂಗ್ಲೆಂಡಿಗೆ ಹೋದರು. ವಿಂಬಲ್ಡನ್ ಟ್ರ್ಯಾಕಿನಲ್ಲಿ ಓಟ ಸಿಕ್ಕಿದ್ದಕ್ಕಿಂತ ಟ್ರ್ಯಾಕ್ ಹದ ಮಾಡುವ ಕೆಲಸ ಸಿಕ್ಕಿದ್ದೇ ಜಾಸ್ತಿ. ಸೋತು ವಾಪಸ್ ಬಂದರು. ಮತ್ತೆ ಹೋದದ್ದು 1963ರಲ್ಲಿ, ನ್ಯೂಕಾಸಲ್ ತಂಡಕ್ಕೆ. ಮೊದಲ ವಿಶ್ವ ಪಟ್ಟ ಬಂದಾಗ 1968, ವಯಸ್ಸು 28. ಆಮೇಲೆ 1969, 1970, 1972, 1977. ಆರನೆಯದು 1979ರಲ್ಲಿ, ಪೋಲೆಂಡಿನಲ್ಲಿ. ಆಗ ಅವರಿಗೆ 39. ನಡುವೆ ಎಷ್ಟು ಸಲ ಸೋತು, ಮತ್ತೆ ಗಾಡಿ ಬಿಚ್ಚಿ ಜೋಡಿಸಿರಬೇಕು ನೋಡಿ.

ಅಭಿಮಾನಿಗಳದ್ದೂ ಒಂದು ಕಥೆ ಇದೆ. ಸತತ ಮೂರನೇ ಸಲ ಗೆದ್ದರೆ ಆ ಗಾಡಿಗೆ ಚಿನ್ನದ ನೀರು ಕುಡಿಸುತ್ತೇವೆ ಎಂದು ಇಬ್ಬರು ಅಮೆರಿಕನ್ ಅಭಿಮಾನಿಗಳು ಮಾತು ಕೊಟ್ಟಿದ್ದರು. 1970ರಲ್ಲಿ ಪೋಲೆಂಡಿನ ವ್ರೊತ್ಸ್‌ವಾಫ್‌ನಲ್ಲಿ ಮೇಜರ್ ಗೆದ್ದರು. ಆ ಇಬ್ಬರೂ ಮಾತು ಉಳಿಸಿಕೊಂಡರು. ಚಿನ್ನದ ಲೇಪದ ಆ ಗಾಡಿ ಮುಂದೆ ಅವರ ಹುಟ್ಟೂರಿನ ಕ್ಯಾಂಟರ್ಬರಿ ಮ್ಯೂಸಿಯಂ ಸೇರಿತು. ನಮ್ಮ ಲೇಖನದಲ್ಲಿ ಇದ್ದ ಬಣ್ಣದ ಚಿತ್ರ ಅದರದ್ದೇ.

ಅಪಾಯ ಇಲ್ಲವೇ ಎಂದು ನೀವು ಕೇಳಿದರೆ, ಇದೆ. ಮುಚ್ಚಿಡುವುದಿಲ್ಲ. ಮೇಜರ್‌ಗಿಂತ ಮುಂಚೆ ಪೀಟರ್ ಕ್ರೇವನ್ ಎಂಬ ಸವಾರ ಇದ್ದರು. ಲಿವರ್‌ಪೂಲ್‌ನವರು, ಕುಳ್ಳಗಿನ ಆಳು. 1955ರಲ್ಲೂ 1962ರಲ್ಲೂ ವಿಶ್ವ ಚಾಂಪಿಯನ್. ಮ್ಯಾಂಚೆಸ್ಟರಿನ ಬೆಲ್ ವ್ಯೂ ಟ್ರ್ಯಾಕಿನ ಜನಕ್ಕೆ ಕಣ್ಮಣಿ. 1963ರ ಸೆಪ್ಟೆಂಬರ್ 20ರಂದು ಎಡಿನ್‌ಬರೋದಲ್ಲಿ ಓಡಿಸುವಾಗ ಮುಂದಿದ್ದ ಸವಾರ ಬಿದ್ದರು. ಬಿದ್ದವರ ಮೇಲೆ ಹರಿಯಬಾರದೆಂದು ತಪ್ಪಿಸಲು ಹೋಗಿ ಕ್ರೇವನ್ ತಾವೇ ಬಿದ್ದರು. ನಾಲ್ಕು ದಿನದ ಮೇಲೆ ತೀರಿಕೊಂಡರು. ವಯಸ್ಸು 29. ಬಿದ್ದಿದ್ದ ಆ ಇನ್ನೊಬ್ಬರು ಬದುಕಿದರು. ಬೆಲ್ ವ್ಯೂನಲ್ಲಿ ಕ್ರೇವನ್ ಹೆಸರಿನ ಟ್ರೋಫಿಗೆ ವರ್ಷಾನುವರ್ಷ ಓಟ ನಡೆಯಿತು. 1969ರಲ್ಲಿ ಮೇಜರ್ ಬಂದು ಸೇರಿದ್ದೂ ಅದೇ ಬೆಲ್ ವ್ಯೂ ತಂಡವನ್ನು. ಕ್ರೇವನ್ ಹೆಸರು ತೆಗೆದರೆ ಅಲ್ಲಿನ ಹಳಬರು ಮೊದಲು ಹೇಳುವುದು ಅವರ ಎರಡು ಪಟ್ಟಗಳನ್ನಲ್ಲ, ಆ ಕೊನೆಯ ತಿರುವನ್ನು.

ನಮ್ಮಲ್ಲೂ ನೋಡಿ. ಶಂಕರ್ ನಾಗ್ ಹೋದದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ರಸ್ತೆಯಲ್ಲಿ. ಆಗ ಅವರಿಗೆ 35. ಇವತ್ತಿಗೂ ಬೆಂಗಳೂರಿನಲ್ಲಿ ಎಷ್ಟು ಆಟೊಗಳ ಬೆನ್ನ ಮೇಲೆ ಅವರ ಮುಖವಿದೆ, ಎಷ್ಟು ಆಟೊ ನಿಲ್ದಾಣಗಳಿಗೆ ಅವರ ಹೆಸರಿದೆ. ಆ ಚಾಲಕರಲ್ಲಿ ಅರ್ಧಕ್ಕರ್ಧ ಜನ ಆಗ ಹುಟ್ಟಿಯೇ ಇರಲಿಲ್ಲ ಅಲ್ವಾ? ಯಾಕೆ ಅಂಟಿಸಿಕೊಂಡಿದ್ದೀರಿ ಎಂದು ನಾನು ಒಬ್ಬರನ್ನು ಕೇಳಿದ್ದೆ. ಖಾಕಿ ಹಾಕಿಕೊಂಡವನನ್ನು ಅವರು ಮನುಷ್ಯ ಅಂತ ತೋರಿಸಿದರು ಎಂದರು. ಬೇರೆ ಮಾತು ಬರಲಿಲ್ಲ. ವಿಲ್ಸನ್ ಗಾರ್ಡನ್ನಿನ ಗೋಡೆಯಲ್ಲಿ ಅವರಿಬ್ಬರೂ ಗಣಪತಿಯ ಅಕ್ಕಪಕ್ಕ ಇರುವುದು ನನಗೆ ಅದಕ್ಕೇ ವಿಚಿತ್ರ ಅನಿಸುವುದಿಲ್ಲ.

ಇನ್ನೊಂದು ವಿಷಯ ಲೇಖನದಲ್ಲಿ ಒಂದೇ ಸಾಲಿನಲ್ಲಿ ಹೋಗಿಬಿಟ್ಟಿತ್ತು. ಮೇಜರ್‌ಗೆ ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ ಬಂದಿತ್ತು. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿದ್ದರು. ಅಲ್ಲೇ 2018ರ ಏಪ್ರಿಲ್ 16ರಂದು, 78ನೇ ವಯಸ್ಸಿನಲ್ಲಿ ತೀರಿಕೊಂಡರು. ಯಾವ ಟ್ರ್ಯಾಕಿನಲ್ಲಿ ಯಾವ ಚೈನ್‌ವೀಲ್ ಹಾಕಬೇಕು ಎಂದು ಲೆಕ್ಕ ಇಟ್ಟುಕೊಂಡಿದ್ದ ತಲೆ ಅದು. ನನ್ನ ಅಜ್ಜಿಗೂ ಇದೇ ಕಾಯಿಲೆ ಇತ್ತು. ಕೊನೆಗೆ ನಮ್ಮ ಯಾರ ಹೆಸರೂ ಅವರಿಗೆ ಬರುತ್ತಿರಲಿಲ್ಲ. ಆಗ ನಾವು ಮಾಡುತ್ತಿದ್ದದ್ದು ಒಂದೇ, ಅವರ ಕಥೆಗಳನ್ನು ಅವರಿಗೇ ಹೇಳುವುದು. ಹಪ್ಪಳ ಒಣಗಲು ಹಾಕಿ ಕೋತಿ ಓಡಿಸಿದ್ದು, ಮದುವೆಯಲ್ಲಿ ಮಳೆ ಬಂದದ್ದು. ಅವರು ಯಾರದೋ ಕಥೆ ಕೇಳುವ ಹಾಗೆ ಕೇಳಿ ನಗುತ್ತಿದ್ದರು. ಮೇಜರ್‌ನ ಅಭಿಮಾನಿಗಳು ಅವರ ಒಂದೊಂದು ಓಟವನ್ನೂ ಮತ್ತೆ ಮತ್ತೆ ಹೇಳಿಕೊಂಡದ್ದು ಓದುವಾಗ ನನಗೆ ಅಜ್ಜಿಯ ಮಂಚದ ಪಕ್ಕ ಕೂತ ಹಾಗಾಯಿತು. ಪುಟ ಕೊಡೋಣ ಎಂದು ತೀರ್ಮಾನ ಮಾಡಿದ್ದು ಆಗಲೇ.

ಆದ್ದರಿಂದ ಹುಡುಗನ ಗೋಡೆಯಿಂದ ಆ ಪುಟ ಕೀಳಿಸಬೇಡಿ. ತಲೆಬರಹವನ್ನು ಮಾತ್ರ ಕತ್ತರಿಸಿ ಹಾಕಿ. ಈ ಸಂಚಿಕೆಯಲ್ಲಿ ಅದೇ ಚಿತ್ರವನ್ನು ತಲೆಬರಹವಿಲ್ಲದೆ, ಸರಿಯಾದ ಹೆಸರಿನ ಜೊತೆ ಮತ್ತೆ ಹಾಕಿದ್ದೇವೆ.

ಇನ್ನೊಂದು ಕೇಳುತ್ತೇನೆ, ಬೇಡವೆಂದರೆ ಬೇಡ ಅನ್ನಿ. ಮೊನ್ನೆ ಗ್ಯಾರೇಜಿಗೆ ಹೋದಾಗ ನಿಮ್ಮ ಪತ್ರವನ್ನು ಯಜಮಾನರಿಗೆ ಓದಿ ಹೇಳಿದೆ. ಹೆಸರು, ಊರು ಹೇಳಲಿಲ್ಲ. ಕೈ ಒರೆಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕಾರ್ಬುರೇಟರ್ ಬಿಚ್ಚಿ ತೊಳೆಯೋಕೆ ಕಾಲು ಬೇಕಿಲ್ಲ ಸಾರ್. ಸ್ಟೂಲ್ ಹಾಕಿ ಕೂರಿಸ್ತೀನಿ, ಕಳಿಸಿ" ಅಂದರು. ವಿಳಾಸವನ್ನು ಬೇರೆ ಕಾಗದದಲ್ಲಿ ಬರೆದು ಅಂಚೆಗೆ ಹಾಕಿದ್ದೇನೆ. ಭಾನುವಾರ ಹತ್ತು ಗಂಟೆ ಮೇಲೆ ಅವರು ಇರುತ್ತಾರೆ. ನೀವು ಕರೆದುಕೊಂಡು ಬಂದರೆ ನಾನೂ ಬರುತ್ತೇನೆ.

ಸಂಪಾದಕ