ಅಪಘಾತ ಆದವರ ಕುತ್ತಿಗೆಗೆ ಗಟ್ಟಿ ಕಾಲರ್ ಯಾಕೆ ಹಾಕುತ್ತಾರೆ?

ಮುರಿದ ಮೂಳೆ ಕೂಡಿಸೋಕಲ್ಲ, ಅದು ಇನ್ನಷ್ಟು ಅಲುಗಾಡದಿರಲಿ ಅಂತ. ಕುತ್ತಿಗೆಯ 7 ಮೂಳೆಗಳ ಒಳಗಿನ ಪೊಳ್ಳಿನಲ್ಲೇ ಬೆನ್ನುಹುರಿ ಇಳಿಯುತ್ತದೆ, ಕೈಕಾಲು ಆಡಿಸಲು ಮಿದುಳು ಕಳಿಸುವ ಸಂದೇಶವೆಲ್ಲ ಹೋಗೋದು ಅದರಲ್ಲೇ. ಮೂಳೆ ಮುರಿದಿದ್ದರೂ ಹುರಿಗೆ ಏನೂ ಆಗಿರದೇ ಇರಬಹುದು. ಆಮೇಲೆ ತಲೆ ಒಮ್ಮೆ ವಾಲಿದರೂ ಸಾಕು, ಮೂಳೆ ಸರಿದು ಹುರಿಯನ್ನು ಒತ್ತಬಹುದು. ತಲೆ ಅಂದ್ರೆ ಸುಮಾರು 5 ಕೆಜಿ ಭಾರ, ಅಲ್ವಾ?

ಗಟ್ಟಿ ಕಾಲರ್ ಮೇಲೆ ಗದ್ದ ಮತ್ತು ತಲೆಬುರುಡೆಯ ಬುಡಕ್ಕೆ, ಕೆಳಗೆ ಎದೆ, ಹೆಗಲಿಗೆ ಆತುಕೊಂಡು ತಲೆಯನ್ನು ತಡೆದು ನಿಲ್ಲಿಸುತ್ತದೆ. ಆದರೆ ಪೂರ್ತಿ ಅಲ್ಲಾಡದಂತೆ ಮಾಡೋದು ಅದೊಂದರಿಂದ ಆಗಲ್ಲ, ಅದಕ್ಕೇ ತಲೆಯ ಎರಡೂ ಬದಿ ದಿಂಬಿನಂಥ ಬ್ಲಾಕ್ ಇಟ್ಟು ಪಟ್ಟಿ ಬಿಗಿಯುತ್ತಾರೆ. ಮೆಡಿಕಲ್ ಅಂಗಡಿಯ ಮೆತ್ತನೆ ಸ್ಪಂಜಿನ ಬೆಲ್ಟ್ ಈ ಕೆಲಸಕ್ಕೆ ಬರಲ್ಲ.

ನಮ್ಮ ಬಾಗಲಕೋಟೆ ಕಡೆ ಕಬ್ಬಿನ ಸೀಸನ್‌ನಲ್ಲಿ, ಕತ್ತಲಲ್ಲಿ ನಿಂತ ಟ್ರೇಲರ್‌ಗೆ ಬೈಕ್ ಗುದ್ದಿದರೆ ನಾಲ್ಕು ಮಂದಿ ಓಡಿ ಬಂದು, ಪಾಪ ಒಳ್ಳೆ ಮನಸ್ಸಿನಿಂದಲೇ, ಕೈಕಾಲು ಹಿಡಿದು ಟಂಟಂಗೆ ಏರಿಸುತ್ತಾರೆ. ತಲೆ ಮಾತ್ರ ಹಿಂದಕ್ಕೆ ಜೋತಾಡುತ್ತಿರುತ್ತದೆ. ಹಾಗೆ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಅಲ್ಲೇ ಇದ್ದರೆ ಅಪಾಯ ಇಲ್ಲ ಅಂದಾಗ ಎಬ್ಬಿಸಲು ಹೋಗದೆ, ಒಬ್ಬರು ತಲೆಯ ಹಿಂದೆ ಕೂತು ಎರಡೂ ಕೈಯಿಂದ ತಲೆಯನ್ನು ಅಲುಗಾಡದಂತೆ ಹಿಡಿದುಕೊಳ್ಳಿ. ಕಿವಿ ಮುಚ್ಚಬೇಡಿ, ನೀವು ಹೇಳಿದ್ದು ಅವರಿಗೆ ಕೇಳಬೇಕು. ವಾಂತಿ ಬಂದರೆ ತಲೆ, ಮೈ ಎರಡನ್ನೂ ಒಟ್ಟಿಗೇ ಒಂದು ಬದಿಗೆ ಹೊರಳಿಸಿ.