ಹಿತ್ತಲಿನ ಮಣ್ಣಿಗೆ ಡಯಾಟಮ್ ಪುಡಿ ಹಾಕಬಹುದಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮನೆ ಹಿಂದೆ ಒಂದು ಗುಂಟೆ ಹಿತ್ತಲಿದೆ, ಕೆಂಪು ಜಂಬಿಟ್ಟಿಗೆ ಮಣ್ಣು. ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಮಾರ್ಚ್ ಬಂದರೆ ಗುದ್ದಲಿ ಇಳಿಯುವುದಿಲ್ಲ. ಡಯಾಟೊಮೇಶಿಯಸ್ ಅರ್ಥ್ ಬೆರೆಸಿದರೆ ಮಣ್ಣು ಸಡಿಲವಾಗುತ್ತದೆ, ಸಿಂಬಳದ ಹುಳುವೂ ಸಾಯುತ್ತದೆ ಅಂತ ಕೇಳಿ 5 ಕಿಲೋ ತರಿಸಿದ್ದೇನೆ. ಹೇಗೆ ಹಾಕಲಿ?

ಉತ್ತರ: ಆ ಚೀಲವನ್ನು ಹಿತ್ತಲಿಗೆ ಸುರಿಯಬೇಡಿ. ಅದಕ್ಕೆ ಬೇರೆ ಒಳ್ಳೆಯ ಕೆಲಸ ಇದೆ.

ಈ ಪುಡಿ ಡಯಾಟಮ್ ಅನ್ನುವ, ಬರಿಗಣ್ಣಿಗೆ ಕಾಣದ ಪಾಚಿಯ ಚಿಪ್ಪು. ಹೆಚ್ಚಿನ ಪಾಲು ಸಿಲಿಕಾ. ಚಿಪ್ಪಿನ ತುಂಬ ತೂತು ಇರುವುದರಿಂದ ನೀರು ಹೀರಿ ಹಿಡಿದುಕೊಳ್ಳುತ್ತದೆ, ಅದು ನಿಜ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಗುಂಟೆ ಅಂದರೆ 1,089 ಚದರ ಅಡಿ. ಅಲ್ಲಿ ಅರ್ಧ ಅಡಿ ಆಳಕ್ಕೆ ಹತ್ತರಲ್ಲಿ ಒಂದು ಪಾಲು ಬೆರೆಸಬೇಕಾದರೂ ಹೆಚ್ಚುಕಡಿಮೆ ಅರ್ಧ ಟನ್ ಬೇಕು. 5 ಕಿಲೋ ಎಲ್ಲಿಗೆ ಸಾಕು? ಮೇಲಾಗಿ ನುಣ್ಣನೆ ಪುಡಿ ಜಿಗುಟು ಮಣ್ಣನ್ನು ಸಡಿಲ ಮಾಡುವುದಿಲ್ಲ. ಕುಂಡಗಳಿಗೆ ಬಳಸುವುದು ಸುಟ್ಟು ಕಾಳು ಮಾಡಿದ ಬಗೆ, ಅದೇ ಬೇರೆ.

ಇನ್ನು ಹುಳು. ಪುಡಿ ಕೀಟದ ಮೈಮೇಲಿನ ಮೇಣದ ಪದರವನ್ನು ಕೆರೆದು ಹೀರುತ್ತದೆ, ಒಳಗಿನ ನೀರು ಆರಿ ಕೀಟ ಸಾಯುತ್ತದೆ. ಪುಡಿ ಒಣಗಿದ್ದರೆ ಮಾತ್ರ. ಆಗುಂಬೆ ನಿಮ್ಮದೇ ತಾಲೂಕು, ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಬೀಳುವ ಕಡೆ. ನಾನು ಒಮ್ಮೆ ಜೂನ್‌ನಲ್ಲಿ ಬೆಂಡೆ ಬುಡದ ಸುತ್ತ ಬಳೆಯ ಹಾಗೆ ಉದುರಿಸಿದ್ದೆ. ಸಂಜೆ ಒಂದು ಮಳೆ ಬಂತು. ಬೆಳಗ್ಗೆ ಪುಡಿಯೆಲ್ಲ ಸುಣ್ಣದ ತಿಳಿಯ ಹಾಗೆ ನೆಲಕ್ಕಂಟಿತ್ತು, ಅದರ ಮೇಲೆಯೇ ಸಿಂಬಳದ ಗೆರೆ ಹೊಳೆಯುತ್ತಿತ್ತು! ಸಿಂಬಳದ ಹುಳುವಿಗೆ ರಾತ್ರಿ ಒದ್ದೆ ಗೋಣಿಚೀಲ ಹಾಸಿ, ಅಡಿಗೆ ಪಪ್ಪಾಯಿ ಎಲೆ ಇಡಿ. ಬೆಳಗ್ಗೆ ಚೀಲ ಎತ್ತಿ, ಹುಳು ಆರಿಸಿ ಉಪ್ಪುನೀರಿಗೆ ಹಾಕಿ.

ನಿಮ್ಮ ಮಣ್ಣಿಗೆ ನಿಜವಾಗಿ ಬೇಕಿರುವುದು ಗೊಬ್ಬರ. ಜೋರು ಮಳೆ ಸುಣ್ಣದ ಅಂಶ ತೊಳೆದುಕೊಂಡು ಹೋಗುವುದರಿಂದ ಮಲೆನಾಡಿನ ಮಣ್ಣು ಸಾಮಾನ್ಯವಾಗಿ ಹುಳಿ. ಡಯಾಟಮ್ ಪುಡಿಯಿಂದ ಹುಳಿ ಹೋಗುವುದಿಲ್ಲ. ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟು ಸುಣ್ಣ ಹಾಕಿ. ಬಚ್ಚಲೊಲೆ ಬೂದಿಯೂ ಸ್ವಲ್ಪ ಸ್ವಲ್ಪ ಆಗುತ್ತದೆ. ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಕೊಡಿ. ಮಳೆ ನಿಂತ ಮೇಲೆ ದರಗು ದಪ್ಪನೆ ಹೊದಿಸಿ. ಬಿಸಿಲಿಗೆ ಬರಿ ನೆಲ ಬಿಟ್ಟರೆ ಗಟ್ಟಿಯಾಗದೆ ಇನ್ನೇನಾಗುತ್ತದೆ ಹೇಳಿ? ಸಿಲಿಕಾ ಬೇಕೇ ಬೇಕು ಅನ್ನಿಸಿದರೆ ಅಕ್ಕಿ ಗಿರಣಿಯ ಉಮಿಬೂದಿ ತನ್ನಿ. ಅದರಲ್ಲೂ ಹೆಚ್ಚಿನದು ಸಿಲಿಕಾನೇ, ಖರ್ಚೂ ಕಡಿಮೆ.

ತಂದ ಪುಡಿಯನ್ನು ಒಣ ಜಾಗದಲ್ಲಿ ಎತ್ತಿಡಿ. ಬಿತ್ತನೆಗೆ ಇಡುವ ಅವರೆ, ಅಲಸಂದೆ ಬೀಜ ಚೆನ್ನಾಗಿ ಒಣಗಿಸಿ, ಕಿಲೋಗೆ 2-3 ಗ್ರಾಂ ಬೆರೆಸಿ ಡಬ್ಬ ಮುಚ್ಚಿ. ಗುಗ್ಗುರು ಹತ್ತುವುದು ತುಂಬಾ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಇರುವೆ ಸಾಲಿಗೂ ಉದುರಿಸಬಹುದು, ಆದರೆ ಹೂವಿನ ಮೇಲೆ ಬೇಡ, ಜೇನುಹುಳಕ್ಕೂ ಅದು ಅಷ್ಟೇ ಕೆಟ್ಟದ್ದು. ಉದುರಿಸುವಾಗ ಮೂಗು-ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ. ಚೀಲದ ಮೇಲೆ ಈಜುಕೊಳದ ಫಿಲ್ಟರಿಗೆ ಅಂತ ಬರೆದಿದ್ದರೆ ಮಾತ್ರ ತೆರೆಯಲೇಬೇಡಿ, ಅಂಗಡಿಗೆ ವಾಪಸ್ ಕೊಡಿ. ಅದರ ದೂಳು ಶ್ವಾಸಕೋಶಕ್ಕೆ ಬಹಳ ಅಪಾಯ.